ಮಾಗಿಯ ಮಂಜು ಮತ್ತು ಛಾಯಾಗ್ರಹಣ

ಮಾಗಿಯ ದಿನಗಳಲ್ಲಿ ನಂದಿಬೆಟ್ಟದ ನೆತ್ತಿಯ ಮೇಲೆ ನಿಂತು ಸೂರ್ಯೋದಯವನ್ನು ನೋಡಿದವರಿಗೆ ಆ ನೋಟವನ್ನು ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ನೋಡದವರಿಗೆ ವರ್ಣನೆ ಮಾತ್ರದಿಂದ ಅದು ತಿಳಿಯುವುದೂ ಇಲ್ಲ. ಕೆಳಗಣ ಬಯಲೆಲ್ಲ ಮಂಜಿನಲ್ಲಿ ಮುಳುಗಿ, ಸುತ್ತಲಿನ ಗುಡ್ಡಗಳ ತುದಿಗಳು ಮಾತ್ರ ಬಿಳಿಯ ಕಡಲಿನ ನಡುಗಡ್ಡೆಗಳಂತೆ ತಲೆಯೆತ್ತಿರುತ್ತವೆ. ಮೂಡಲಲ್ಲಿ ಕೆಂಪು ಹರಡಿ, ಹೊಂಬಣ್ಣವಾಗಿ, ಒಂದೆರಡು ನಿಮಿಷಗಳಲ್ಲಿ ಆ ಕಡಲಿನ ಮೇಲ್ಮೈಯೆಲ್ಲ ಬೆಳಗುತ್ತದೆ. ಇದನ್ನು ಸೆರೆಹಿಡಿಯಬೇಕೆಂದು ಚಳಿಯಲ್ಲಿ ನಡುಗುತ್ತ ಕಾದಿದ್ದವರು ಬಹಳ ಮಂದಿ. ಆದರೆ ಮನೆಗೆ ಬಂದು ಚಿತ್ರವನ್ನು ನೋಡಿದಾಗ ಅವರಲ್ಲಿ ಅನೇಕರಿಗೆ ಆಗುವುದು ನಿರಾಶೆಯೇ. ಬೆಳ್ಳಗಿದ್ದ ಮಂಜು ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಪದರಪದರವಾಗಿದ್ದ ಗುಡ್ಡಗಳು ಒಂದರೊಳಗೊಂದು ಕಲಸಿಹೋಗಿರುತ್ತವೆ. ಹೊಂಬಣ್ಣದ ಗುರುತೂ ಇರುವುದಿಲ್ಲ.

ಕಣ್ಣಿಗೆ ಕಂಡದ್ದು ಚಿತ್ರದಲ್ಲಿ ಏಕೆ ಬರಲಿಲ್ಲ? ಸಾಮಾನ್ಯವಾಗಿ ಜನರು ಈ ತಪ್ಪನ್ನು ಯಂತ್ರದ ಮೇಲೆ ಹೊರಿಸಿ, ಹೆಚ್ಚು ಬೆಲೆಯ ಕ್ಯಾಮರಾ ಇದ್ದಿದ್ದರೆ ಚಿತ್ರ ಚೆನ್ನಾಗಿ ಬರುತ್ತಿತ್ತೆಂದು ಭಾವಿಸುತ್ತಾರೆ. ವಾಸ್ತವವಾಗಿ ಈ ಪ್ರಶ್ನೆಗೆ ಉತ್ತರ ಬೆಲೆಯಲ್ಲಿಲ್ಲ, ತಿಳಿವಳಿಕೆಯಲ್ಲಿದೆ. ಮಂಜು ಹೇಗೆ ಹುಟ್ಟುತ್ತದೆ, ಬೆಳಕು ಅದರೊಳಗೆ ಹೇಗೆ ವರ್ತಿಸುತ್ತದೆ, ಕ್ಯಾಮರಾ ಆ ಬೆಳಕನ್ನು ಹೇಗೆ ಅಳೆಯುತ್ತದೆ ಎಂಬ ಮೂರು ವಿಷಯಗಳನ್ನು ಅರಿತವನು ಅಂಗೈಯಗಲದ ಮೊಬೈಲ್ ಫೋನಿನಿಂದಲೂ ಒಳ್ಳೆಯ ಚಿತ್ರವನ್ನು ತೆಗೆಯಬಲ್ಲನು. ಇವುಗಳ ಜೊತೆಗೆ ನಾಲ್ಕನೆಯದೊಂದು ವಿಷಯವೂ ಉಂಟು. ತೆಗೆದ ಚಿತ್ರ ಸತ್ಯವಾಗಿರಬೇಕೆಂಬುದು. ಈ ನಾಲ್ಕನ್ನೂ ಕ್ರಮವಾಗಿ ವಿಚಾರಮಾಡೋಣ.

ಮೊದಲು ಸ್ಥಳದ ಮಾತು. ನಂದಿಬೆಟ್ಟವು ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರು ದೂರದಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಸಮುದ್ರಮಟ್ಟದಿಂದ ಇದರ ಎತ್ತರ ೧,೪೭೮ ಮೀಟರು, ಎಂದರೆ ೪,೮೫೦ ಅಡಿಗಳಷ್ಟು. ಸುತ್ತಣ ಬಯಲು ಸುಮಾರು ೯೦೦ ಮೀಟರುಗಳ ಎತ್ತರದಲ್ಲಿರುವುದರಿಂದ, ಬೆಟ್ಟವು ಬಯಲಿನಿಂದ ಮೇಲಕ್ಕೆ ಐನೂರು ಮೀಟರಿಗೂ ಹೆಚ್ಚು ನೆಟ್ಟಗೆ ಎದ್ದುನಿಂತಿದೆ. ಈ ಕಡಿದಾದ ಎತ್ತರವೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಮಂಜು ಬಯಲಿನಲ್ಲಿ ನಿಂತಿರುವಾಗ ನೋಡುವವನು ಅದಕ್ಕಿಂತ ಮೇಲಿರಲು ಇದರಿಂದ ಸಾಧ್ಯವಾಗುತ್ತದೆ. ೧೭೯೧ರಲ್ಲಿ ಕಾರ್ನ್‌ವಾಲಿಸನ ಸೇನೆ ಈ ದುರ್ಗವನ್ನು ಹಿಡಿದ ಕಾಲದಿಂದಲೂ ಚಿತ್ರಕಾರರ ಕಣ್ಣು ಇದರ ಮೇಲಿದೆ. ಈಗ ನಾವು ಹೇಳುವ ಮಾತುಗಳು ನಂದಿಗೆ ಮಾತ್ರವಲ್ಲದೆ ಸ್ಕಂದಗಿರಿ, ಚಾಮುಂಡಿಬೆಟ್ಟ, ಬಿಳಿಗಿರಿರಂಗನ ಬೆಟ್ಟ ಮೊದಲಾದ ಎಡೆಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ನಮ್ಮ ಮಾತಿನಲ್ಲಿ ‘ಮಂಜು’ ಎಂಬ ಒಂದೇ ಪದ ಹಲವು ವಸ್ತುಗಳನ್ನು ಸೂಚಿಸುತ್ತದೆ. ಹುಲ್ಲಿನ ಮೇಲಿನ ಹನಿಯೂ ಮಂಜು, ಹಿಮಾಲಯದ ಮೇಲಿನ ಬಿಳುಪೂ ಮಂಜು, ಕಣ್ಣಿಗೆ ಮುಸುಕುವ ತೆರೆಯೂ ಮಂಜು. ಹುಲ್ಲಿನ ಮೇಲಿನ ಹನಿಗೆ ಇಬ್ಬನಿಯೆಂಬ ಬೇರೆ ಹೆಸರಿದೆ. ಗಾಳಿಯಲ್ಲಿ ತೇಲುವ ಸೂಕ್ಷ್ಮವಾದ ನೀರ ಹನಿಗಳ ಸಮೂಹವನ್ನು ಮಾತ್ರ ಇಲ್ಲಿ ನಾವು ಮಂಜೆಂದು ಕರೆಯುತ್ತೇವೆ. ಒಂದು ಕಿಲೋಮೀಟರಿನ ಆಚೆಗಿನ ವಸ್ತು ಕಾಣದಿರುವಷ್ಟು ಅದು ದಟ್ಟವಾಗಿದ್ದರೆ ಹವಾಮಾನ ಶಾಸ್ತ್ರಜ್ಞರು ಅದನ್ನು ದಟ್ಟಮಂಜಿನ ವರ್ಗಕ್ಕೆ ಸೇರಿಸುತ್ತಾರೆ. ಅದಕ್ಕಿಂತ ತೆಳುವಾದುದು ತೆಳುಮಂಜು. ಛಾಯಾಗ್ರಾಹಕನಿಗೆ ಇವೆರಡೂ ಬೇಕು; ಆದರೆ ಬೇರೆ ಬೇರೆ ಸ್ಥಳಗಳಲ್ಲಿ ಬೇಕು.

ಈ ಮಂಜು ಹುಟ್ಟುವ ಬಗೆ ಹೀಗೆ. ಹಗಲಿನಲ್ಲಿ ಕಾದ ನೆಲ ರಾತ್ರಿಯಲ್ಲಿ ತನ್ನ ಶಾಖವನ್ನು ಆಕಾಶದ ಕಡೆಗೆ ಸೂಸುತ್ತದೆ. ಮೋಡವಿದ್ದರೆ ಅದು ಕಂಬಳಿ ಹೊದಿಸಿದಂತೆ ಆ ಶಾಖವನ್ನು ತಡೆದು ಹಿಂದಿರುಗಿಸುತ್ತದೆ. ಆಕಾಶ ತಿಳಿಯಾಗಿದ್ದರೆ ಶಾಖ ತಡೆಯಿಲ್ಲದೆ ಹೊರಟುಹೋಗಿ, ನೆಲವೂ ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗುತ್ತವೆ. ತಣ್ಣನೆಯ ಗಾಳಿ ಹೆಚ್ಚು ನೀರಾವಿಯನ್ನು ಹೊರಲಾರದು. ಹೊರಲಾರದ ಭಾಗ ಗಾಳಿಯಲ್ಲಿರುವ ಅತಿ ಸಣ್ಣ ಕಣಗಳ ಸುತ್ತ ಹನಿಗಟ್ಟುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ಇಳಿಜಾರಿನಲ್ಲಿ ಹರಿದು ತಗ್ಗುಗಳಲ್ಲಿಯೂ ಕೆರೆಯಂಗಳಗಳಲ್ಲಿಯೂ ಶೇಖರವಾಗುತ್ತದೆ. ಮೇಲೆ ಹೋದಂತೆ ತಂಪು ಹೆಚ್ಚುವುದು ಸಾಧಾರಣ ನಿಯಮ; ಇಂಥ ರಾತ್ರಿಗಳಲ್ಲಿ ಆ ನಿಯಮ ತಲೆಕೆಳಗಾಗಿ, ಕೆಳಗೆ ತಣ್ಣನೆಯ ಗಾಳಿ, ಅದರ ಮೇಲೆ ಮುಚ್ಚಳದಂತೆ ಬೆಚ್ಚನೆಯ ಗಾಳಿ ನಿಲ್ಲುತ್ತದೆ. ಮಂಜಿನ ಕಡಲಿನ ಮೇಲ್ಮೈ ಅಷ್ಟು ಸಮತಟ್ಟಾಗಿ ಕಾಣುವುದಕ್ಕೆ ಈ ಮುಚ್ಚಳವೇ ಕಾರಣ.

ಈ ವಿಷಯದಲ್ಲಿ ನಮ್ಮ ದೇಶದ ವಿಜ್ಞಾನಿಗಳ ಕೊಡುಗೆಯೊಂದಿದೆ. ನೆಲವೇ ಎಲ್ಲಕ್ಕಿಂತ ಮೊದಲು ತಣ್ಣಗಾಗುವುದರಿಂದ ಅತ್ಯಂತ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರಬೇಕೆಂದು ಯಾರಾದರೂ ಊಹಿಸುತ್ತಾರೆ. ೧೯೩೨ರಲ್ಲಿ ಎಲ್. ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಎಂಬವರು, ಗಾಳಿಯಾಡದ ತಿಳಿರಾತ್ರಿಗಳಲ್ಲಿ ಅತ್ಯಂತ ತಣ್ಣನೆಯ ಪದರವು ನೆಲವನ್ನು ಮುಟ್ಟದೆ ಕೆಲವು ಅಂಗುಲಗಳಿಂದ ಒಂದೆರಡು ಅಡಿಗಳವರೆಗಿನ ಎತ್ತರದಲ್ಲಿರುತ್ತದೆಂದು ಪ್ರಕಟಿಸಿದರು. ಬಹುಕಾಲ ಇದನ್ನು ಅನೇಕರು ನಂಬಲಿಲ್ಲ. ಮುಂದೆ ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಅವರೂ ಅವರ ಸಂಗಡಿಗರೂ ಇದಕ್ಕೆ ಸೈದ್ಧಾಂತಿಕ ವಿವರಣೆಯನ್ನು ಕೊಡಲು ಶ್ರಮಿಸಿದರು. ಜಕ್ಕೂರಿನ ಸಂಶೋಧನ ಕೇಂದ್ರದವರು ದೇವನಹಳ್ಳಿಯ ವಿಮಾನ ನಿಲ್ದಾಣದ ಬಯಲಿನಲ್ಲಿ ಉಪಕರಣಗಳನ್ನಿರಿಸಿ ಮಂಜನ್ನು ಅಭ್ಯಾಸಮಾಡಿದ್ದಾರೆ. ಬೆಟ್ಟದ ಮೇಲೆ ನಿಂತವನಿಗೆ ಸೊಗಸಾಗಿ ಕಾಣುವ ಈ ಮಂಜು ೨೦೦೮ರಲ್ಲಿ ತೆರೆದ ಆ ನಿಲ್ದಾಣದಲ್ಲಿ ವಿಮಾನಗಳನ್ನು ಗಂಟೆಗಟ್ಟಲೆ ತಡೆಯುವುದುಂಟು. ಆದುದರಿಂದ ಅದು ಕವಿಗಳ ವಿಷಯವಾಗಿರುವಂತೆಯೇ ಯಂತ್ರಜ್ಞರ ವಿಷಯವೂ ಆಗಿದೆ.

ಇಷ್ಟನ್ನು ತಿಳಿದುಕೊಂಡರೆ ಯಾವ ದಿನ ಹೊರಡಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಹಿಂದಿನ ಒಂದೆರಡು ದಿನಗಳಲ್ಲಿ ಮಳೆ ಬಿದ್ದು ನೆಲ ತೇವವಾಗಿರಬೇಕು, ಸಂಜೆಯ ಹೊತ್ತಿಗೆ ಆಕಾಶ ತಿಳಿಯಾಗಿರಬೇಕು, ಗಾಳಿ ಬೀಸುತ್ತಿರಬಾರದು, ರಾತ್ರಿ ಹತ್ತು ಗಂಟೆಯ ವೇಳೆಗೇ ಹುಲ್ಲಿನ ಮೇಲೆ ಇಬ್ಬನಿ ಕೂತಿರಬೇಕು. ಈ ನಾಲ್ಕು ಗುರುತುಗಳೂ ಒಟ್ಟುಗೂಡಿದರೆ ಮರುದಿನ ಮಂಜು ಬೀಳುವ ಸಂಭವ ಹೆಚ್ಚು. ಹಿಂಗಾರಿನ ಕೊನೆಯ ಮಳೆಗಳು ಮುಗಿದು ಚಳಿ ಮೊದಲಾಗುವ ನವೆಂಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಇದಕ್ಕೆ ಪ್ರಶಸ್ತವಾದುದು. ಅವರೆಕಾಯಿ ಪೇಟೆಗೆ ಬರುವ ಕಾಲವೆಂದರೆ ನಮ್ಮ ಜನರಿಗೆ ಬೇಗ ಅರ್ಥವಾಗುತ್ತದೆ. ಮಂಜು ಬಿದ್ದ ಹೊಲದ ಅವರೆಗೇ ಸೊಗಡು ಹೆಚ್ಚೆಂದು ನಮ್ಮ ರೈತರು ಹೇಳುವುದುಂಟಷ್ಟೆ.

ಬೆಟ್ಟದ ಮೇಲೆ ಹೋದವನಿಗೆ ಮೂರು ಬಗೆಯ ಸ್ಥಿತಿಗಳಲ್ಲಿ ಒಂದು ಎದುರಾಗುತ್ತದೆ. ಮಂಜು ಕೆಳಗಿರಬಹುದು, ಆಗ ಕಡಲಿನ ನೋಟ ದೊರೆಯುತ್ತದೆ. ಮೂಡಲ ಗಾಳಿ ತಂದ ತಗ್ಗುಮೋಡ ಬೆಟ್ಟವನ್ನೇ ನುಂಗಿರಬಹುದು. ಆಗ ದೂರದ ನೋಟದ ಆಸೆಯನ್ನು ಬಿಟ್ಟು ಹತ್ತಿರದ ಮರ, ಕೋಟೆಯ ಗೋಡೆ, ಯೋಗನಂದೀಶ್ವರನ ಗುಡಿಯ ಅಂಗಳ ಇವುಗಳ ಕಡೆಗೆ ತಿರುಗಬೇಕು. ಅಥವಾ ಮಂಜೇ ಇಲ್ಲದಿರಬಹುದು. ಆಗಲೂ ದೂರದ ಗುಡ್ಡಗಳ ನಡುವಣ ತೆಳುವಾದ ನೀಲಿಯ ತೆರೆ ಸಾಕಷ್ಟು ಕೆಲಸ ಕೊಡುತ್ತದೆ. ಎರಡನೆಯ ಸ್ಥಿತಿಯಲ್ಲಿ ಅನೇಕರು ಬೇಸತ್ತು ಇಳಿದುಬಿಡುತ್ತಾರೆ. ಬೆಟ್ಟದ ತಪ್ಪಲಿನ ತೋಪುಗಳಲ್ಲಿ ಎಲೆಗಳ ನಡುವಿನಿಂದ ಬೆಳಕಿನ ಕೋಲುಗಳು ಇಳಿಯುವುದನ್ನು ನೋಡಬೇಕಾದರೆ ಮಂಜಿನ ಮೇಲಿರಬಾರದು, ಒಳಗಿರಬೇಕು. ಆ ಕೋಲುಗಳು ಬೀಸಣಿಗೆಯಂತೆ ಹರಡಿದ ಹಾಗೆ ಕಂಡರೂ ವಾಸ್ತವವಾಗಿ ಸಮಾನಾಂತರವಾದುವು. ನೆಟ್ಟನೆಯ ರಸ್ತೆಯ ಅಂಚುಗಳು ದೂರದಲ್ಲಿ ಕೂಡಿದಂತೆ ಕಾಣುವ ನ್ಯಾಯವೇ ಅಲ್ಲಿಯೂ ನಡೆಯುತ್ತದೆ.

ಇನ್ನು ಬೆಳಕಿನ ವಿಚಾರ. ಗಾಳಿಯ ಅಣುಗಳು ಬೆಳಕಿನ ಅಲೆಗಳಿಗಿಂತ ಬಹು ಚಿಕ್ಕವು. ಅಂಥ ಕಣಗಳು ಕೆಂಪಿಗಿಂತ ನೀಲಿಯನ್ನು ಎಷ್ಟೋ ಪಾಲು ಹೆಚ್ಚಾಗಿ ಚೆದುರಿಸುತ್ತವೆ. ಆಕಾಶ ನೀಲಿಯಾಗಿರುವುದೂ, ದೂರದ ಬೆಟ್ಟ ನೀಲಿಯಾಗಿ ಕಾಣುವುದೂ, ಅಡ್ಡಲಾಗಿ ಬಹುದೂರ ಗಾಳಿಯನ್ನು ಹಾದುಬರುವ ಉದಯದ ಬೆಳಕು ನೀಲಿಯನ್ನು ದಾರಿಯಲ್ಲಿ ಕಳೆದುಕೊಂಡು ಕೆಂಪಾಗುವುದೂ ಇದರಿಂದಲೇ. ಮಂಜಿನ ಹನಿಯಾದರೋ ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸಿನ ಗಾತ್ರವುಳ್ಳದ್ದು. ಎಂದರೆ ಬೆಳಕಿನ ಅಲೆಗಿಂತ ಸುಮಾರು ಇಪ್ಪತ್ತು ಪಾಲು ದೊಡ್ಡದು. ಅಷ್ಟು ದೊಡ್ಡ ಹನಿ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿ ಚೆದುರಿಸುತ್ತದೆ. ಆದುದರಿಂದ ಮಂಜಿಗೆ ಸ್ವಂತ ಬಣ್ಣವಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನ ಬಣ್ಣವೇ ಅದರ ಬಣ್ಣ. ಸೂರ್ಯನು ಮೂಡುವುದಕ್ಕೆ ಮುಂಚೆ ಆಕಾಶದ ನೀಲಿ ಬೀಳುವುದರಿಂದ ಅದು ನೀಲಿ, ಮೂಡಿದಾಗ ಹೊನ್ನು, ಸೂರ್ಯ ಮೇಲೇರಿದ ಮೇಲೆ ಬಿಳಿ. ಒಂದು ಘನಮೀಟರು ಮಂಜಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿಗಿಂತ ಹೆಚ್ಚು ನೀರಿರುವುದಿಲ್ಲ. ಅಷ್ಟು ಅಲ್ಪ ನೀರು ಅಷ್ಟು ದೊಡ್ಡ ಬೆಟ್ಟವನ್ನು ಮರೆಮಾಡುತ್ತದೆ.

ಮಂಜಿನ ಹನಿಗೆ ಇನ್ನೊಂದು ಗುಣವಿದೆ. ಅದು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಮುಂದಕ್ಕೇ ಚೆಲ್ಲುತ್ತದೆ. ಸೂರ್ಯನಿಗೆ ಎದುರಾಗಿ ನಿಂತು ನೋಡಿದರೆ ಮಂಜು ಒಳಗಿನಿಂದ ದೀಪ ಹಚ್ಚಿದಂತೆ ಹೊಳೆಯುತ್ತದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೋಡಿದರೆ ಅದೇ ಮಂಜು ಮಂಕಾಗಿರುತ್ತದೆ. ಸೂರ್ಯ ಯಾವಾಗಲೂ ಛಾಯಾಗ್ರಾಹಕನ ಬೆನ್ನ ಹಿಂದಿರಬೇಕೆಂದು ಹಿಂದಿನಿಂದ ಹೇಳಿಕೊಂಡು ಬಂದ ಬುದ್ಧಿವಾದ ಮಂಜಿನ ವಿಷಯದಲ್ಲಿ ಸಲ್ಲದು. ಎದುರುಬೆಳಕೇ ಮಂಜಿನ ಜೀವ. ಹಾಗೆಂದು ಒಂದೇ ಕಡೆ ನೋಡುತ್ತ ನಿಲ್ಲಲೂ ಬಾರದು. ಸೂರ್ಯೋದಯಕ್ಕೆ ಹತ್ತು ನಿಮಿಷ ಮುಂಚೆ ಪಡುವಲಿಗೆ ತಿರುಗಿದರೆ, ದಿಗಂತದ ಮೇಲೆ ಬೂದುನೀಲಿಯ ಒಂದು ಪಟ್ಟಿಯೂ ಅದರ ಮೇಲೆ ಗುಲಾಬಿಬಣ್ಣದ ಇನ್ನೊಂದು ಪಟ್ಟಿಯೂ ಕಾಣುತ್ತವೆ. ಬೂದುನೀಲಿ ಪಟ್ಟಿ ಬೇರೆ ಏನೂ ಅಲ್ಲ, ಗಾಳಿಯ ಮೇಲೆ ಬಿದ್ದಿರುವ ಭೂಮಿಯ ನೆರಳು. ಸಾವಿರಾರು ಜನರು ಮೂಡಲನ್ನೇ ನೋಡುತ್ತ ನಿಂತು, ಬೆನ್ನ ಹಿಂದಿನ ಈ ಸೋಜಿಗವನ್ನು ಕಾಣದೆ ಹಿಂದಿರುಗುತ್ತಾರೆ.

ಸೂರ್ಯ ಮೂಡಿದ ಮೇಲೆ, ಪಡುವಣ ಕಣಿವೆಯಲ್ಲಿ ಮಂಜಿದ್ದರೆ, ಅದರ ಮೇಲೆ ನಮ್ಮ ನೆರಳೇ ಬಿದ್ದು ಅದರ ತಲೆಯ ಸುತ್ತ ಬಣ್ಣದ ಉಂಗುರಗಳು ಕಾಣಿಸುವುದುಂಟು. ಜರ್ಮನಿಯ ಬ್ರಾಕೆನ್ ಶಿಖರದಲ್ಲಿ ೧೭೮೦ರಲ್ಲಿ ಇದನ್ನು ವರ್ಣಿಸಿದ ಕಾರಣ ಆ ನೆರಳಿಗೆ ಬ್ರಾಕೆನ್ ಭೂತವೆಂಬ ಹೆಸರು ಬಂದಿದೆ. ೧೮೯೪ರಲ್ಲಿ ಸಿ. ಟಿ. ಆರ್. ವಿಲ್ಸನ್ ಎಂಬ ತರುಣ ವಿಜ್ಞಾನಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ವೀಕ್ಷಣಾಲಯದಲ್ಲಿದ್ದಾಗ ಇಂಥ ಬಣ್ಣದ ಉಂಗುರಗಳನ್ನು ಕಂಡು ಬೆರಗಾಗಿ, ಅವುಗಳನ್ನು ಪ್ರಯೋಗಶಾಲೆಯಲ್ಲಿ ಉಂಟುಮಾಡಲು ಹೊರಟರು. ಕೃತಕ ಮಂಜನ್ನು ಮಾಡಲು ಅವರು ಕಟ್ಟಿದ ಪಾತ್ರೆಯೇ ಮುಂದೆ ಪರಮಾಣುವಿಗಿಂತ ಚಿಕ್ಕ ಕಣಗಳ ಜಾಡನ್ನು ತೋರಿಸುವ ಯಂತ್ರವಾಯಿತು. ೧೯೨೭ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬೆಟ್ಟದ ಮೇಲಿನ ಮುಂಜಾವನ್ನು ಮನಸ್ಸಿಟ್ಟು ನೋಡಿದವನಿಗೆ ಏನು ಲಭಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಪದರಪದರವಾದ ಗುಡ್ಡಗಳ ಸೌಂದರ್ಯಕ್ಕೂ ಒಂದು ಲೆಕ್ಕವಿದೆ. ನಮಗೂ ಗುಡ್ಡಕ್ಕೂ ನಡುವೆ ಇರುವ ಗಾಳಿ ದೂರಕ್ಕೆ ತಕ್ಕಂತೆ ತನ್ನ ಬಿಳುಪನ್ನು ಗುಡ್ಡದ ಕಪ್ಪಿನ ಮೇಲೆ ಬಳಿಯುತ್ತ ಹೋಗುತ್ತದೆ. ಒಂದು ನಿರ್ದಿಷ್ಟ ದೂರದಲ್ಲಿ ಕಪ್ಪು ಬಿಳುಪುಗಳ ಅಂತರ ಅರ್ಧಕ್ಕೆ ಇಳಿದರೆ, ಅದರ ಎರಡರಷ್ಟು ದೂರದಲ್ಲಿ ಕಾಲು ಭಾಗಕ್ಕೆ, ಮೂರರಷ್ಟು ದೂರದಲ್ಲಿ ಅರೆಕಾಲಿಗೆ ಇಳಿಯುತ್ತದೆ. ಈ ಇಳಿಕೆಯ ನಿಯಮವನ್ನು ೧೯೨೪ರಲ್ಲಿ ಜರ್ಮನಿಯ ಕೋಷ್‌ಮೀಡರ್ ನಿರೂಪಿಸಿದನು. ಅದಕ್ಕೆ ಎಷ್ಟೋ ಶತಮಾನಗಳ ಮುಂಚೆ ಚೀನದ ಚಿತ್ರಕಾರರು ಮಸಿಯನ್ನು ಮೆಟ್ಟಲು ಮೆಟ್ಟಲಾಗಿ ತೆಳುವಾಗಿಸಿ ಬೆಟ್ಟದ ಹಿಂದೆ ಬೆಟ್ಟವನ್ನು ತೋರಿಸಿದ್ದರು. ಇಟಲಿಯ ಲಿಯೊನಾರ್ಡೊ ಕೂಡ ದೂರದ ವಸ್ತು ನೀಲಿಯಾಗಿ ಮಸುಕಾಗುವುದನ್ನು ಕುರಿತು ಬರೆದಿದ್ದನು. ಈ ನಿಯಮದಿಂದ ಛಾಯಾಗ್ರಾಹಕನು ಕಲಿಯತಕ್ಕದ್ದು ಏನೆಂದರೆ, ಮಂಜೇ ದೂರವನ್ನು ಅಳೆದು ತೋರಿಸುವ ಕೋಲು. ಮಂಜಿಲ್ಲದ ಚಿತ್ರದಲ್ಲಿ ಐದು ಗುಡ್ಡಗಳು ಒಂದೇ ಗುಡ್ಡವಾಗಬಹುದು. ಮಂಜಿರುವ ಚಿತ್ರದಲ್ಲಿ ಒಂದೊಂದೂ ತನ್ನ ಸ್ಥಾನದಲ್ಲಿ ನಿಲ್ಲುತ್ತದೆ.

ಕಾಲದ ವಿಚಾರದಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ಓದಿ ಹೊರಟವರು ಮೋಸಹೋಗುವ ಸಂಭವವಿದೆ. ಸೂರ್ಯೋದಯದ ಅನಂತರದ ಒಂದು ಗಂಟೆಯನ್ನು ಅವು ‘ಸುವರ್ಣ ಘಳಿಗೆ’ ಎಂದು ಕರೆಯುತ್ತವೆ. ಅದು ಶೀತದೇಶಗಳ ಲೆಕ್ಕ. ಅಲ್ಲಿ ಚಳಿಗಾಲದ ಸೂರ್ಯ ದಿಗಂತವನ್ನು ಸವರಿಕೊಂಡು ಓರೆಯಾಗಿ ಏರುತ್ತಾನೆ. ನಮ್ಮದು ೧೩ ಡಿಗ್ರಿಯ ಅಕ್ಷಾಂಶ. ಇಲ್ಲಿ ಅವನು ಬಹುಮಟ್ಟಿಗೆ ನೆಟ್ಟಗೆ ಮೇಲೇರುತ್ತಾನೆ. ಡಿಸೆಂಬರಿನಲ್ಲಿ ಸೂರ್ಯ ಒಂದು ಡಿಗ್ರಿ ಏರಲು ನಮ್ಮಲ್ಲಿ ನಾಲ್ಕೂವರೆ ನಿಮಿಷ ಸಾಕು. ಲಂಡನ್ನಿನಲ್ಲಿ ಅದಕ್ಕೆ ಹೆಚ್ಚುಕಡಮೆ ಇಮ್ಮಡಿ ಕಾಲ ಬೇಕು. ಆದುದರಿಂದ ನಮ್ಮ ಸುವರ್ಣ ಘಳಿಗೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲಿಯೂ ಉತ್ತಮವಾದುದು ಮೊದಲ ಹತ್ತು ನಿಮಿಷ.

ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿನ ಸುತ್ತ ಸೂರ್ಯೋದಯ ಸುಮಾರು ೬ ಗಂಟೆ ೪೦ ನಿಮಿಷಕ್ಕೆ. ಹಗಲು ಅತ್ಯಂತ ಚಿಕ್ಕದಾಗಿರುವುದು ಡಿಸೆಂಬರ್ ೨೧ರ ಸುಮಾರಿನಲ್ಲಾದರೂ, ಸೂರ್ಯ ಅತ್ಯಂತ ತಡವಾಗಿ ಮೂಡುವುದು ಜನವರಿಯ ಕೊನೆಯಲ್ಲಿ, ೬-೪೫ರ ಆಸುಪಾಸಿನಲ್ಲಿ. ದಿಗಂತ ತೆರೆದಿದ್ದರೆ ಬೆಟ್ಟದ ಮೇಲಿರುವವನಿಗೆ ಬಯಲಿನವನಿಗಿಂತ ಸುಮಾರು ಮೂರು ನಿಮಿಷ ಮೊದಲೇ ಸೂರ್ಯ ಕಾಣುತ್ತಾನೆ. ಅವನು ಮೂಡುವ ದಿಕ್ಕೂ ನೆಟ್ಟನೆಯ ಪೂರ್ವವಲ್ಲ; ಡಿಸೆಂಬರಿನಲ್ಲಿ ಪೂರ್ವದಿಂದ ೨೪ ಡಿಗ್ರಿಗಳಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ. ಕತ್ತಲಲ್ಲಿಯೇ ಸ್ಥಳವನ್ನು ಆರಿಸಿಕೊಳ್ಳಬೇಕಾದವನಿಗೆ ಈ ಲೆಕ್ಕ ಅತ್ಯಾವಶ್ಯಕ. ಸೂರ್ಯೋದಯಕ್ಕೆ ಮುಂಚಿನ ನಲವತ್ತು ನಿಮಿಷ ನೀಲಿಯ ಕಾಲ, ಅದರ ಕೊನೆಯ ಹತ್ತು ನಿಮಿಷ ಗುಲಾಬಿಯ ಕಾಲ, ಅನಂತರದ್ದು ಹೊನ್ನಿನ ಕಾಲ. ಬೆಟ್ಟದ ಬಾಗಿಲು ತೆರೆಯುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು, ಈ ಮೂರು ಕಾಲಗಳಲ್ಲಿ ಯಾವುದು ಮೇಲೆ ದೊರೆಯುವುದು, ಯಾವುದು ದಾರಿಯಲ್ಲಿ ಕಳೆಯುವುದು ಎಂಬುದನ್ನು ನಿಶ್ಚಯಿಸಿಕೊಂಡು ಹೊರಡತಕ್ಕದ್ದು.

ಈಗ ಯಂತ್ರಕ್ಕೆ ಬರೋಣ. ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ತನ್ನೆದುರಿಗಿರುವುದು ಮಂಜೋ ಕಲ್ಲಿದ್ದಲೋ ತಿಳಿಯದು. ಲೋಕದ ವಸ್ತುಗಳೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದಿಬಣ್ಣವೆಂದು, ಎಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೧೮ ಭಾಗವನ್ನು ಹಿಂದಿರುಗಿಸುವುವೆಂದು, ಅದು ಊಹಿಸಿಕೊಂಡಿರುತ್ತದೆ. ಚೌಕಟ್ಟಿನ ತುಂಬ ಬಿಳಿಯ ಮಂಜಿದ್ದಾಗ ಅದು ‘ಬೆಳಕು ಹೆಚ್ಚಾಯಿತು’ ಎಂದು ಬಗೆದು ತಗ್ಗಿಸುತ್ತದೆ. ಬಿಳುಪು ಬೂದಿಯಾಗುವ ರಹಸ್ಯ ಇದೇ. ಆದುದರಿಂದ ಮಾಪಕ ಹೇಳಿದುದಕ್ಕಿಂತ ಒಂದರಿಂದ ಒಂದೂವರೆ ಸ್ಟಾಪಿನಷ್ಟು ಹೆಚ್ಚು ಬೆಳಕನ್ನು ಕೊಡಬೇಕು. ಒಂದು ಸ್ಟಾಪೆಂದರೆ ಬೆಳಕು ಇಮ್ಮಡಿಯಾದಂತೆ. ಮೊಬೈಲ್ ಫೋನಿನಲ್ಲಾದರೆ ತೆರೆಯ ಮೇಲೆ ಮಂಜಿರುವ ಭಾಗವನ್ನು ಮುಟ್ಟಿ, ಅಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿದರೆ ಇದೇ ಫಲ ಸಿಗುತ್ತದೆ. ೧೯೩೯-೪೦ರ ಸುಮಾರಿನಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ವಲಯ ಪದ್ಧತಿಯ ಸಾರವೂ ಇಷ್ಟೆ: ಯಾವ ವಸ್ತು ಚಿತ್ರದಲ್ಲಿ ಎಷ್ಟು ಬೆಳ್ಳಗಿರಬೇಕೆಂಬುದನ್ನು ಯಂತ್ರವಲ್ಲ, ಮನುಷ್ಯ ನಿಶ್ಚಯಿಸಬೇಕು.

ಆದರೆ ಸೂರ್ಯಬಿಂಬವೇ ಚೌಕಟ್ಟಿನೊಳಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಡಿಜಿಟಲ್ ಕ್ಯಾಮರಾದಲ್ಲಿ ಮಿತಿಮೀರಿ ಬೆಳ್ಳಗಾದ ಭಾಗದಲ್ಲಿ ಯಾವ ವಿವರವೂ ಉಳಿಯುವುದಿಲ್ಲ. ಆಮೇಲೆ ಎಷ್ಟು ತಿದ್ದಿದರೂ ಅದು ಮರಳಿಬಾರದು. ನೆಗೆಟಿವ್ ಫಿಲ್ಮಿಗೆ ಈ ವಿಷಯದಲ್ಲಿ ಸಹನೆ ಹೆಚ್ಚು. ಆದುದರಿಂದ ಡಿಜಿಟಲ್ ಚಿತ್ರಗಳನ್ನು ತೆಗೆಯುವವರು ಬಿಂಬದ ಸುತ್ತಣ ಮಂಜಿನ ವಿವರ ಸುಡದಂತೆ ನೋಡಿಕೊಂಡು, ಒಂದೇ ದೃಶ್ಯವನ್ನು ಮೂರು ಬಗೆಯ ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳುವುದು ಲೇಸು. ಬಣ್ಣದ ಸಮತೋಲವನ್ನು ಯಂತ್ರಕ್ಕೇ ಬಿಟ್ಟರೆ, ಅದು ಹೊಂಬಣ್ಣವನ್ನು ದೋಷವೆಂದೆಣಿಸಿ ತೊಳೆದುಹಾಕುವ ಸಂಭವವಿದೆ. ಅದನ್ನು ಬಿಸಿಲಿನ ಅಳತೆಗೆ ನಿಲ್ಲಿಸಿದರೆ ನೀಲಿ ನೀಲಿಯಾಗಿಯೂ ಹೊನ್ನು ಹೊನ್ನಾಗಿಯೂ ಉಳಿಯುತ್ತದೆ. ಮಂಜಿನಲ್ಲಿ ಯಂತ್ರದ ಕಣ್ಣು ತಾನಾಗಿ ಕೂರಿಸಿಕೊಳ್ಳಲು ಅಂಚು ಸಿಗದೆ ತಡಕಾಡುತ್ತದೆ. ಆಗ ಹತ್ತಿರದ ಒಂದು ಮರದ ಬೊಡ್ಡೆಯ ಅಥವಾ ದೂರದ ಗುಡ್ಡದ ಕಪ್ಪು ಅಂಚಿನ ಮೇಲೆ ಅದನ್ನು ಕೈಯಿಂದಲೇ ಕೂರಿಸತಕ್ಕದ್ದು. ನಸುಕಿನ ಬೆಳಕಿನಲ್ಲಿ ಷಟರು ಒಂದೆರಡು ಸೆಕೆಂಡು ತೆರೆದಿರಬೇಕಾಗುವುದರಿಂದ ಮೂರು ಕಾಲಿನ ಸ್ಟ್ಯಾಂಡು ಬೇಕು; ಇಲ್ಲದಿದ್ದರೆ ಕೋಟೆಯ ಗೋಡೆಯಾದರೂ ಆಗಬಹುದು.

ಕಣ್ಣಿನ ಅಳತೆಗಿಂತ ಅಗಲವಾಗಿ ನೋಡುವ ಮಸೂರ ಮಂಜಿನ ಕಡಲನ್ನು ಸಣ್ಣದೊಂದು ಗೆರೆಯಾಗಿ ಮಾಡುತ್ತದೆ. ದೂರವನ್ನು ಹತ್ತಿರ ತರುವ ಉದ್ದ ಮಸೂರ ಗುಡ್ಡಗಳ ಪದರಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ತೋರಿಸುತ್ತದೆ. ಚಿತ್ರಕ್ಕೆ ಆಧಾರವಾಗಿ ಒಂದೇ ಒಂದು ಕಪ್ಪು ವಸ್ತು, ಒಂಟಿಮರವೋ ಗೋಪುರದ ತುದಿಯೋ, ಇದ್ದರೆ ಸಾಕು. ಉಳಿದುದನ್ನು ಮಂಜಿಗೆ ಬಿಡುವುದು ಮೇಲು. ತುಂಬಿದ ಪುಟಕ್ಕಿಂತ ಬರಿದಾದ ಪುಟ ಹೆಚ್ಚು ಹೇಳುವ ಸಂದರ್ಭಗಳಲ್ಲಿ ಇದು ಒಂದು. ಇನ್ನೊಂದು ಸಣ್ಣ ಎಚ್ಚರಿಕೆ: ಹುಲ್ಲಿನ ಮೇಲೆ ಇಬ್ಬನಿ ಕೂರುವಂತೆಯೇ ಮಸೂರದ ಗಾಜಿನ ಮೇಲೂ ಕೂರುತ್ತದೆ. ಆಗಾಗ ಮೆತ್ತನೆಯ ಬಟ್ಟೆಯಿಂದ ಒರಸಿಕೊಳ್ಳುತ್ತಿರಬೇಕು. ತಣ್ಣಗಾದ ಕ್ಯಾಮರಾವನ್ನು ಬೆಚ್ಚನೆಯ ಕೋಣೆಗೆ ತಂದ ಕೂಡಲೆ ಚೀಲದಿಂದ ತೆಗೆಯದೆ, ಸ್ವಲ್ಪ ಹೊತ್ತು ಹಾಗೆಯೇ ಮುಚ್ಚಿಟ್ಟಿದ್ದರೆ ಒಳಗೆ ನೀರು ಹನಿಗಟ್ಟುವುದಿಲ್ಲ.

ಕೊನೆಯದಾಗಿ ಸತ್ಯದ ಮಾತು. ಇಂದು ಮಂಜಿಲ್ಲದ ಚಿತ್ರಕ್ಕೆ ಮಂಜನ್ನು ಸೇರಿಸುವುದೂ, ಇದ್ದ ಮಂಜನ್ನು ತೆಗೆದುಹಾಕುವುದೂ ಬೆರಳ ತುದಿಯ ಕೆಲಸವಾಗಿದೆ. ಯಂತ್ರಗಳೇ ಕೆಲವು ವೇಳೆ ಹೇಳದೆ ಕೇಳದೆ ಮಂಜನ್ನು ಕೊರತೆಯೆಂದು ತಿಳಿದು ತಿದ್ದಿಬಿಡುತ್ತವೆ. ಬೆಳಕನ್ನೂ ಬಣ್ಣವನ್ನೂ ಕಣ್ಣು ಕಂಡ ಮಟ್ಟಿಗೆ ಸರಿಪಡಿಸುವುದು ನ್ಯಾಯ. ಕಾಣದ ಮಂಜನ್ನು ಸೃಷ್ಟಿಸಿ ಅದಕ್ಕೆ ನಂದಿಬೆಟ್ಟದ ಹೆಸರನ್ನೂ ದಿನಾಂಕವನ್ನೂ ಬರೆಯುವುದು ಸುಳ್ಳು ಸಾಕ್ಷಿ. ಮಂಜೆಂದು ನಾವು ತಿಳಿದುದು ಎಲ್ಲ ಕಾಲದಲ್ಲಿಯೂ ಮಂಜಾಗಿರುವುದೂ ಇಲ್ಲ. ಹೊಗೆಯ ಕಣ ಮಂಜಿನ ಹನಿಗಿಂತ ಬಹು ಚಿಕ್ಕದು. ಕಪ್ಪು ಹಿನ್ನೆಲೆಯ ಮುಂದೆ ಅದು ನೀಲಿಯಾಗಿಯೂ ಸೂರ್ಯನಿಗೆ ಎದುರಾಗಿ ಕಂದಾಗಿಯೂ ತೋರುತ್ತದೆ. ಬಿಸಿಲೇರಿ ಮಂಜು ಕರಗಿದ ಮೇಲೂ ಬೆಂಗಳೂರಿನ ದಿಕ್ಕಿನಲ್ಲಿ ಕಂದುಬಣ್ಣದ ಪಟ್ಟಿಯೊಂದು ಉಳಿದರೆ, ಅದು ಮಾಗಿಯ ಕೊಡುಗೆಯಲ್ಲ, ನಮ್ಮದೇ.

ಈ ಸತ್ಯನಿಷ್ಠೆಗೆ ಬೆಲೆಯಿರುವುದು ಏಕೆಂದರೆ, ಬೆಟ್ಟಗಳು ಶಾಶ್ವತವೆಂದು ಈಗ ಯಾರೂ ಹೇಳುವಂತಿಲ್ಲ. ಚಿಕ್ಕಬಳ್ಳಾಪುರದ ಸುತ್ತಣ ಕಲ್ಲುಗುಡ್ಡಗಳಲ್ಲಿ ಕೆಲವು ಜಲ್ಲಿಯಾಗಿ ಹೋಗಿವೆ. ೨೦೨೧ರ ಆಗಸ್ಟಿನಲ್ಲಿ ಭಾರಿ ಮಳೆಯಿಂದ ನಂದಿಬೆಟ್ಟದ ಪಕ್ಕದಲ್ಲಿಯೇ ಮಣ್ಣು ಕುಸಿದು ಮೇಲಿನ ದಾರಿ ಮುಚ್ಚಿಹೋಗಿತ್ತು. ಒಂದೇ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ, ಪ್ರತಿವರ್ಷವೂ ಮಾಗಿಯ ಒಂದು ಮುಂಜಾನೆ ತೆಗೆದಿಟ್ಟ ಇಪ್ಪತ್ತು ಚಿತ್ರಗಳು, ದಿನ ವೇಳೆಗಳ ಸಹಿತ, ಆ ಸಾಲಿನಲ್ಲಿ ಎಷ್ಟು ಗುಡ್ಡಗಳಿದ್ದುವು, ಎಷ್ಟು ಉಳಿದುವು, ಕೆರೆಯ ಮೇಲಣ ಮಂಜು ಎಲ್ಲಿಯವರೆಗೆ ಹಬ್ಬುತ್ತಿತ್ತು ಎಂಬುದನ್ನು ಯಾವ ವಾದವಿವಾದಕ್ಕೂ ಎಡೆಯಿಲ್ಲದಂತೆ ಹೇಳುತ್ತವೆ. ಅಂಥ ಸಾಲಿನಲ್ಲಿ ಒಂದೇ ಒಂದು ಚಿತ್ರ ಕಲ್ಪಿತವಾದರೂ ಹತ್ತೊಂಬತ್ತರ ಮಾತು ನಿಲ್ಲದು.

ಮೇಲೆ ನಿಂತು ನೋಡುವವನು ಕೆಳಗಿರುವವರನ್ನು ಮರೆಯಬಾರದು. ಆ ಬಿಳಿಯ ಕಡಲಿನ ತಳದಲ್ಲಿ ದ್ರಾಕ್ಷಿಯ ತೋಟಗಳಿವೆ. ಎಲೆಯ ಮೇಲೆ ತೇವ ಹೆಚ್ಚು ಹೊತ್ತು ನಿಂತಷ್ಟೂ ಬೂಜುರೋಗದ ಭಯ ಹೆಚ್ಚುತ್ತದೆ. ತೋಟದವನಿಗೆ ಮಂಜು ಬೇಗ ಹರಿದರೆ ಸಾಕಾಗಿರುತ್ತದೆ. ಹೆದ್ದಾರಿಯಲ್ಲಿ ಲಾರಿ ನಡೆಸುವವನಿಗೂ ಅದೇ ಆಸೆ. ಬೆಟ್ಟದ ಅಂಚಿನಲ್ಲಿ ನಿಲ್ಲುವವರೂ ಮಂಜಿನಲ್ಲಿ ಬಂಡೆ ಒದ್ದೆಯಾಗಿ ಜಾರುತ್ತದೆಂಬುದನ್ನೂ, ತಳ ಕಾಣದ ಮಾತ್ರಕ್ಕೆ ಪ್ರಪಾತ ಇಲ್ಲವಾಗುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಮಂಜಿನ ಚಿತ್ರ ಕೈಗೂಡಬೇಕಾದರೆ ತಿಳಿರಾತ್ರಿಯನ್ನು ಆರಿಸಿಕೊಳ್ಳಬೇಕು, ಸೂರ್ಯನಿಗಿಂತ ಮೊದಲು ಸಿದ್ಧನಾಗಿರಬೇಕು, ಬೆಳಕಿಗೆ ಎದುರಾಗಿ ನಿಲ್ಲಬೇಕು, ಮಾಪಕದ ಮಾತಿಗಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು, ಕಂಡದ್ದಕ್ಕಿಂತ ಹೆಚ್ಚನ್ನು ಚಿತ್ರದಲ್ಲಿ ಸೇರಿಸಬಾರದು. ಈ ಐದರಲ್ಲಿ ಮೊದಲ ನಾಲ್ಕನ್ನು ಒಂದು ಮಾಗಿಯಲ್ಲಿ ಯಾರಾದರೂ ಕಲಿಯಬಹುದು. ಐದನೆಯದು ಪ್ರತಿಸಲವೂ ಹೊಸದಾಗಿ ಪಾಲಿಸಬೇಕಾದ ವ್ರತ.